ಹಳೇ ಪೊಕ್ಲೇನ್: ಎರಡು ಜೊತೆ ಬ್ಯಾಟರಿ ಬದಲಾಯಿಸಿದರೂ ಲೋ ವೋಲ್ಟೇಜ್ ಹೋಗ್ತಿಲ್ಲ

ಘಟಪ್ರಭಾ ದಂಡೆ, ಮುಧೋಳ

ಎಲ್ಲರಿಗೂ ನಮಸ್ಕಾರ್ರೀ. ಹೋದ ವರ್ಷ 20 ಟನ್ನಿನ ಹಳೇ ಪೊಕ್ಲೇನ್ ಒಂದು ತಗೊಂಡೆ. ಕಂಪನಿ ಹೆಸರು ಬೇಡ, ನಮ್ಮ ಕಡೆ ಈ ಥರ ಮಣ್ಣು ಅಗೆಯುವ ಎಲ್ಲಾ ಗಾಡಿಗೂ ಪೊಕ್ಲೇನ್ ಅಂತಲೇ ಅನ್ನೋದು. ಮೂರನೇ ಕೈ ಗಾಡಿ, 9,000 ತಾಸಿನ ಮೇಲೆ ಓಡಿದೆ. ಮಾರುವ ಮುಂಚೆ ಪೂರಾ ಹಳದಿ ಪೇಂಟ್ ಹೊಡೆಸಿ ಮದುಮಗನ ಹಾಗೆ ನಿಲ್ಲಿಸಿದ್ದರು. ನಾನೂ ಮರುಳಾದೆ.

ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಎಳೆದೆಳೆದು ತಿರುಗುತ್ತದೆ. ಅಷ್ಟರಲ್ಲಿ ಮಾನಿಟರ್ ಕಪ್ಪಾಗಿ ಮತ್ತೆ ಮೊದಲಿಂದ ಆನ್ ಆಗುತ್ತದೆ. ರಾತ್ರಿ ಕೃಷಿಹೊಂಡದ ಕೆಲಸ ಇದ್ದಾಗ ಲೈಟು, ಎಸಿ ಎರಡೂ ಹಾಕಿದರೆ ಒಂದು ತಾಸಿನಲ್ಲಿ ಲೋ ವೋಲ್ಟೇಜ್ ತೋರಿಸಿ, ಆರ್‌ಪಿಎಂ ತಾನೇ ಏರಿಳಿಯುತ್ತದೆ. ಡೈನಮೋ ಬಿಚ್ಚಿಸಿ ರಿಪೇರಿ ಮಾಡಿಸಿದೆ. ಎರಡು ಜೊತೆ ಬ್ಯಾಟರಿ ಹೋದವು. ವೈರಿಂಗ್ ಹುಡುಗ ಮೀಟರನ್ನ ಬೀಪ್‌ಗೆ ಇಟ್ಟು ನೋಡಿ "ವೈರೆಲ್ಲಾ ಸರಿ ಅದಾವ್ರೀ ಸಾವಕಾರ್ರ" ಅಂದ. ಮುಂದೇನು ಮಾಡಲಿ?

ಗೋಕಾಕ ಆಪರೇಟರ್

ಬ್ಯಾಟರಿ ಡೂಪ್ಲಿಕೇಟ್ ಇರಬೇಕು ಅಣ್ಣಾ. ದೊಡ್ಡ ಆಂಪಿಯರ್‌ದು ಹಾಕಿಸಿ ನೋಡಿ.

ಹಳೇ ಇಲೆಕ್ಟ್ರಿಷಿಯನ್, ವಿಜಯಪುರ

ಇನ್ನೊಂದು ಜೊತೆ ಬ್ಯಾಟರಿಗೆ ದುಡ್ಡು ಹಾಕಬೇಡಿ. ತೂತು ಬಿದ್ದ ಕೊಡ ಎಷ್ಟು ದೊಡ್ಡದಾದರೇನು?

ಆ ಬೀಪ್ ನಂಬಬೇಡಿ. ಕೇಬಲ್‌ನಲ್ಲಿ ಒಂದೇ ಒಂದು ಎಳೆ ತಾಮ್ರ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಅದೇ ಎಳೆಯ ಮೇಲೆ 40 ಆಂಪಿಯರ್ ಬಿಟ್ಟರೆ ಗೊತ್ತಾಗುತ್ತದೆ ಅದರ ಬಂಡವಾಳ. ವೈರನ್ನ ಕೆಲಸ ಮಾಡುವಾಗಲೇ ಅಳೆಯಬೇಕು, ಸುಮ್ನೆ ಮಲಗಿದ್ದಾಗ ಅಲ್ಲ.

ಮೀಟರನ್ನ ಡಿಸಿ ವೋಲ್ಟಿಗೆ ಇಟ್ಟು ಇಷ್ಟು ಬರೆದುಕೊಂಡು ಬನ್ನಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಎರಡೂ ಬ್ಯಾಟರಿ ಬೇರೆ ಬೇರೆ. ನಿಮ್ಮದು 24 ವೋಲ್ಟ್ ಗಾಡಿ, 12ರ ಎರಡು ಬ್ಯಾಟರಿ ಸರಣಿಯಲ್ಲಿ ಇರುತ್ತವೆ. ಫುಲ್ ಚಾರ್ಜ್ ಇದ್ದರೆ ಒಂದೊಂದೂ 12.6ರ ಮೇಲೆ ಇರಬೇಕು. ಆಮೇಲೆ ಎಂಜಿನ್ 1500 ಆರ್‌ಪಿಎಂನಲ್ಲಿ ಬಿಟ್ಟು ಬ್ಯಾಟರಿ ಮೇಲೆ ಎಷ್ಟು, ಡೈನಮೋದಿಂದ ಕರೆಂಟ್ ಹೊರಗೆ ಬರುವ ಬಿ ಪ್ಲಸ್ ಬೋಲ್ಟಿನಿಂದ ಅದರ ಬಾಡಿಗೆ ಎಷ್ಟು ನೋಡಿ. ಲೈಟ್, ಎಸಿ ಬಂದ್ ಮಾಡಿ ಒಮ್ಮೆ, ಹಾಕಿ ಒಮ್ಮೆ.

ಒಂದು ಮಾತು. ಡೈನಮೋ ಟೆಸ್ಟ್ ಅಂತ ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಕಳಚುವವರು ಇನ್ನೂ ಇದ್ದಾರೆ. ವೋಲ್ಟೇಜ್ ಒಮ್ಮೆಲೇ ಜಿಗಿದು ಕಂಟ್ರೋಲರ್ ಸುಡಬಹುದು. ಅಂಥವರನ್ನ ಗಾಡಿ ಹತ್ತಿರ ಬಿಡಬೇಡಿ.

ಘಟಪ್ರಭಾ ದಂಡೆ, ಮುಧೋಳ

ಅಳೆದೆ ಕಾಕಾ. ಬ್ಯಾಟರಿ ಒಂದು 12.6, ಇನ್ನೊಂದು 11.9. ಲೈಟ್ ಬಂದ್ ಇದ್ದಾಗ ಡೈನಮೋ 28.2, ಬ್ಯಾಟರಿ ಮೇಲೆ 26.6. ಲೈಟ್, ಎಸಿ ಹಾಕಿದರೆ ಡೈನಮೋ 28.0, ಬ್ಯಾಟರಿ ಮೇಲೆ ಬರೇ 24.9.

ಹಳೇ ಇಲೆಕ್ಟ್ರಿಷಿಯನ್, ವಿಜಯಪುರ

ಹಾಗಾದರೆ ಡೈನಮೋಗೆ ಸುಮ್ನೆ ದುಡ್ಡು ಹಾಕಿದಿರಿ. ಅದು 28 ಕೊಡ್ತಾ ಇದೆ. ದಾರಿಯಲ್ಲೇ 3.1 ವೋಲ್ಟ್ ಕಳುವಾಗ್ತಿದೆ. ಪ್ಲಸ್ ಕಡೆನೋ, ಮೈನಸ್ ಕಡೆನೋ ಅದನ್ನ ಹುಡುಕಬೇಕು. ಲೈಟ್, ಎಸಿ ಹಾಕೇ ಇರಿ. ಮೀಟರಿನ ಒಂದು ಕಡ್ಡಿ ಬಿ ಪ್ಲಸ್ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ಸಾಲಿನ ಕೊನೆಯ ಪ್ಲಸ್ಸಿಗೆ. ಆಮೇಲೆ ಡೈನಮೋ ಬಾಡಿಯಿಂದ ಬ್ಯಾಟರಿ ಮೈನಸ್ಸಿಗೆ. ಅರ್ಧ ವೋಲ್ಟಿಗಿಂತ ಜಾಸ್ತಿ ಎಲ್ಲಿ ಬರುತ್ತದೋ ಅಲ್ಲೇ ಕಳ್ಳ.

ಸೆಲ್ಫ್ ಹೊಡೆಯುವಾಗಲೂ ಹಾಗೇ ಅಳೆಯಿರಿ, ಬ್ಯಾಟರಿ ಮೈನಸ್ಸಿನಿಂದ ಎಂಜಿನ್ ಬ್ಲಾಕಿಗೆ. ಮತ್ತೆ, ಆ 11.9ರ ಬ್ಯಾಟರಿಯಿಂದ ಯಾರಾದರೂ ಒಂದು ವೈರ್ ಎಳೆದಿದ್ದಾರಾ ನೋಡಿ.

ಇಳಕಲ್ ಕ್ವಾರಿ

ಹಾಡಿನ ಸೆಟ್ಟು! ನಮ್ಮದರಲ್ಲೂ ಹಾಗೇ ಆಗಿತ್ತು. 12 ವೋಲ್ಟಿನ ಸೆಟ್ಟು, ಫ್ಯಾನು, ಮೊಬೈಲ್ ಚಾರ್ಜರ್ ಎಲ್ಲಾ ಒಂದೇ ಬ್ಯಾಟರಿಗೆ ಕಟ್ಟಿದ್ದರು. ಆ ಬ್ಯಾಟರಿ ಯಾವಾಗಲೂ ಖಾಲಿ, ಪಕ್ಕದ್ದಕ್ಕೆ ಚಾರ್ಜ್ ಜಾಸ್ತಿಯಾಗಿ ನೀರು ಕುದಿಯುತ್ತಿತ್ತು. ಒಂದು ಹಸಿದು ಸತ್ತಿತು, ಇನ್ನೊಂದು ಉಂಡು ಸತ್ತಿತು.

ಘಟಪ್ರಭಾ ದಂಡೆ, ಮುಧೋಳ

ಸಿಕ್ಕಿತು ಕಾಕಾ! ಒಂದಲ್ಲ, ಮೂರು.

ಲೈಟ್ ಹಾಕಿ ಅಳೆದಾಗ ಮೈನಸ್ ಕಡೆ 0.1, ಪ್ಲಸ್ ಕಡೆ 3.0 ಬಂತು. ಬಿ ಪ್ಲಸ್ ವೈರ್ ಹಿಡಿದು ಹಿಂದೆ ಹಿಂದೆ ಹೋದೆ. ಏರ್ ಫಿಲ್ಟರ್ ಡಬ್ಬಿ ಹಿಂದೆ, ಹೊರಗಿನ ಪೈಪ್ ಕೊಯ್ದು ನೋಡಿದರೆ ಕರೆಂಟ್ ಜಾಸ್ತಿಯಾದರೆ ಕರಗಿ ಕಡಿಯುವ ಫ್ಯೂಸ್ ಲಿಂಕ್ ಇರಬೇಕಾದ ಜಾಗದಲ್ಲಿ ಗೇಣುದ್ದದ ಮನೆ ವೈರಿಂಗಿನ ವೈರು. ಎರಡೂ ತುದಿ ಸುಮ್ನೆ ತಿರುಚಿ ಟೇಪ್ ಸುತ್ತಿದ್ದಾರೆ. ಟೇಪು ಕರಗಿ ಬೆಲ್ಲದ ಪಾಕದ ಹಾಗೆ ಅಂಟಿತ್ತು. ತಾಮ್ರ ಕರ್ರಗಾಗಿದೆ. ಕೈ ಇಟ್ಟರೆ ಚುರ್ ಅಂತು.

ಸೆಲ್ಫ್ ಹೊಡೆಯುವಾಗ ಮೈನಸ್ಸಿನಿಂದ ಬ್ಲಾಕಿಗೆ 1.3. ಅದನ್ನೂ ಎರಡು ಪಾಲು ಮಾಡಿದೆ. ಬ್ಯಾಟರಿ ಮೈನಸ್ಸಿನಿಂದ ಚಾಸಿಗೆ 0.2, ಚಾಸಿಯಿಂದ ಎಂಜಿನ್ನಿಗೆ 1.1. ಎಂಜಿನ್ ಅರ್ಥಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಪಟ್ಟಿ ತುದಿಯ ಲೋಹದ ಲಗ್ ಅಡಿಯಲ್ಲಿ ಹೊಳೆಯುವ ಹಳದಿ ಪೇಂಟು!

ಹಾಡಿನ ಸೆಟ್ಟಿನ ವೈರೂ ಸಿಕ್ಕಿತು, ಅದೇ 11.9ರ ಬ್ಯಾಟರಿಗೆ. ಒಂದು ಅರ್ಥ ಆಗಲಿಲ್ಲ. ಅರ್ಥಿಂಗ್ ಅಷ್ಟು ಕೆಟ್ಟಿದ್ದರೆ ಲೈಟ್ ಹಾಕಿದಾಗ 0.1 ಮಾತ್ರ ಯಾಕೆ ಬಂತು?

ಹಳೇ ಇಲೆಕ್ಟ್ರಿಷಿಯನ್, ವಿಜಯಪುರ

ಒಳ್ಳೇ ಪ್ರಶ್ನೆ ತಮ್ಮಾ. ಲೈಟು, ಎಸಿ ಎಳೆಯುವುದು ನಲವತ್ತು ಐವತ್ತು ಆಂಪಿಯರ್. ಸೆಲ್ಫ್ ಎಳೆಯುವುದು ನೂರಾರು. ಅರ್ಥಿಂಗಿನ ಸಣ್ಣ ತಡೆ ಲೈಟಿಗೆ ಲೆಕ್ಕಕ್ಕೇ ಬರಲ್ಲ, ಸೆಲ್ಫ್‌ಗೆ ಬರುತ್ತದೆ. ಚಾರ್ಜಿಂಗ್ ವೈರಿನ ಜೋಡಣೆಯಲ್ಲಿ ಸೆಲ್ಫ್‌ನ ಕರೆಂಟ್ ಹೋಗುವುದೇ ಇಲ್ಲ, ಅದಕ್ಕೆ ಬೇರೆ ದಪ್ಪ ಕೇಬಲ್ ಇದೆ. ಅದಕ್ಕೇ ಎರಡೂ ಹೊತ್ತಿನಲ್ಲಿ ಅಳೆಯಿರಿ ಅಂದಿದ್ದು.

ಈಗ ಮಾಡಬೇಕಾದ್ದು. ಬ್ಯಾಟರಿ ಮೈನಸ್ ಬಿಚ್ಚಿಟ್ಟೇ ಕೈ ಹಾಕಿ. ಪೇಂಟನ್ನ ಬಿಳಿ ಕಬ್ಬಿಣ ಕಾಣೋವರೆಗೂ ಉಜ್ಜಿ, ಲಗ್ಗನ್ನೂ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಗ್ರೀಸ್ ಬಿಗಿ ಮಾಡಿದ ಮೇಲೆ, ಹೊರಗಿಂದ. ಫ್ಯೂಸ್ ಲಿಂಕ್ ಮಾತ್ರ ಕಂಪನಿ ಹೇಳಿದ ಆಂಪಿಯರ್‌ದೇ ಹಾಕಿ. ಅಲ್ಲಿ ಬರೀ ವೈರ್ ಇಟ್ಟರೆ ಶಾರ್ಟ್ ಆದ ದಿನ ಗಾಡಿಗೇ ಬೆಂಕಿ. ಬ್ಯಾಟರಿ ಎರಡನ್ನೂ ಬಿಡಿಸಿ, 12ರ ಚಾರ್ಜರಿನಲ್ಲಿ ಒಂದೊಂದೇ ಪೂರ್ತಿ ಚಾರ್ಜ್ ಮಾಡಿಸಿ. ಸರಣಿಯಲ್ಲೇ ಮಾಡಿದರೆ ಆ ವ್ಯತ್ಯಾಸ ಹಾಗೇ ಉಳಿಯುತ್ತದೆ. ಹಾಡಿಗೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ.

ಘಟಪ್ರಭಾ ದಂಡೆ, ಮುಧೋಳ

ನಾಲ್ಕು ದಿನ ಓಡಿಸಿ ಬರೆಯುತ್ತಿದ್ದೇನೆ. ಲೈಟ್ ಬಂದ್ ಇದ್ದಾಗ ಬ್ಯಾಟರಿ ಮೇಲೆ 28.0, ಎಲ್ಲಾ ಹಾಕಿದರೆ 27.6. ಸೆಲ್ಫ್ ಹೊಡೆಯುವಾಗ ಮೈನಸ್ಸಿನಿಂದ ಬ್ಲಾಕಿಗೆ 0.3. ಮಾನಿಟರ್ ಕಣ್ಣು ಮಿಟುಕಿಸಲಿಲ್ಲ. ನಿನ್ನೆ ರಾತ್ರಿ ಎರಡರವರೆಗೆ ಹೊಂಡ ತೆಗೆದೆವು, ಆರ್‌ಪಿಎಂ ಕದಲಲಿಲ್ಲ. ಎಲ್ಲಾ ಸೇರಿ ಖರ್ಚು ಒಂದು ಬ್ಯಾಟರಿಯ ಕಾಲುಭಾಗವೂ ಆಗಲಿಲ್ಲ.

ಕನ್ವರ್ಟರ್ ಮಾತ್ರ ಇನ್ನೂ ಬಂದಿಲ್ಲ. ಆಪರೇಟರ್ ಮುಖ ಊದಿಸಿಕೊಂಡು ಬಕೆಟ್ ಹೊಡೆಯುತ್ತಿದ್ದಾನೆ.

ಇಳಕಲ್ ಕ್ವಾರಿ

ಬೇಗ ತರಿಸಿ ಅಣ್ಣಾ. ಇಲ್ಲಾಂದ್ರೆ ಅವನೇ ರಾತ್ರಿ ಹೋಗಿ ಬ್ಯಾಟರಿಗೆ ವೈರ್ ಕಟ್ಟಿರುತ್ತಾನೆ.