ಚೀಲ ಹೊರುವವನು, ಹೊರಿಸುವವನು
ಬಿಸಿಲು ಇಳಿದ ಮೇಲೆ ಅಪ್ಪನ ಕೆರೆಯ ಹತ್ತಿರದ ಮಿರ್ಚಿ ಬಂಡಿಯ ಮುಂದೆ ನಾವು ನಾಲ್ವರು ಸೇರುವುದು ವಾಡಿಕೆ. ಇಳಿದ ಮೇಲೆ ಎನ್ನುವುದು ಬರೀ ಮಾತಿಗೆ. ಏಪ್ರಿಲ್‌ನ ಕಲಬುರಗಿಯಲ್ಲಿ ರಾತ್ರಿ ಎಂಟಕ್ಕೂ ಕಟ್ಟೆಯ ಕಲ್ಲು ರೊಟ್ಟಿ ಹಂಚಿನಂತೆ ಕಾದಿರುತ್ತದೆ. ಮೊನ್ನೆ ಸುಸಲಾ ಕೈಗೆ ಬರುವ ಮೊದಲೇ ಮಾಸ್ತರರು ಫ್ರಾನ್ಸಿನ ಫುಟ್‌ಬಾಲ್ ಆಟಗಾರ ಜಿನೆದಿನ್ ಜಿದಾನ್‌ನನ್ನು ಹಿಡಿದುಕೊಂಡರು.

"1998ರ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ ತಲೆಯಿಂದಲೇ ಎರಡು ಗೋಲು ಹೊಡೆದ. 2006ರ ಫೈನಲ್‌ನಲ್ಲಿ ಅದೇ ತಲೆಯಿಂದ ಇಟಲಿಯ ಮಟೆರಾಜ್ಜಿಯ ಎದೆಗೆ ಗುದ್ದಿ ಕೆಂಪು ಕಾರ್ಡ್ ತಿಂದ. ಅಂಥವನನ್ನು ಕೋಚ್ ಮಾಡಿ ಅವನ ಕೈಗೆ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ ಕೊಟ್ಟರು!"

"ಟಗರಿಗೆ ಹಟ್ಟಿ ಕಾಯಲು ಹೇಳಿದಂತಾಯಿತು," ಎಂದ ಆಟೋ ಓಡಿಸುವ ಗೆಳೆಯ.

ಕಾಕಾ ಬೇಳೆ ಮಿಲ್ಲಿಗೆ ಹಮಾಲರಾಗಿ ಸೇರಿ ಮುಕಾದಮರಾಗಿ ನಿವೃತ್ತರಾದವರು. ಫುಟ್‌ಬಾಲ್ ನೋಡಿದವರಲ್ಲ. ಆದರೂ ತೀರ್ಪು ಅವರದೇ.

"ಹಮಾಲ ಮುಕಾದಮನಾದರೆ ಮೊದಲ ತಿಂಗಳು ನರಕ. ಹುಡುಗರು ತೊಗರಿ ಚೀಲ ವಾರೆಯಾಗಿ ಎತ್ತಿದರೆ ಸಾಕು, ಅಂಗಿ ಕಳಚಿ ನಾನೇ ಹೆಗಲು ಕೊಡುತ್ತಿದ್ದೆ. ಮಾಲೀಕರು ಕರೆದು, 'ನಿನಗೆ ಪಗಾರ ಹೊರುವುದಕ್ಕಲ್ಲ, ಹೊರಿಸುವುದಕ್ಕೆ' ಎಂದರು. ಅಂದಿನಿಂದ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ."

"ಅರ್ಜೆಂಟೀನಾದ ಮರಡೋನ ಕೋಚ್ ಆಗಿ ಹೊರಿಸಲು ಹೋಗಿ 2010ರ ವಿಶ್ವಕಪ್‌ನಲ್ಲಿ ಜರ್ಮನಿಯಿಂದ ನಾಲ್ಕು ಗೋಲು ಹೊರಿಸಿಕೊಂಡು ಬಂದ," ಎಂದೆ.

"ಜಿದಾನ್ ಹಾಗಲ್ಲ," ಎಂದರು ಮಾಸ್ತರರು. "ಮೊದಲು ಆಗಿನ ಕೋಚ್ ಆಂಚೆಲೊಟ್ಟಿಯ ಕೈಕೆಳಗೆ ಸಹಾಯಕ, ಆಮೇಲೆ ಕ್ಲಬ್ಬಿನ ಎರಡನೆಯ ತಂಡ ಕ್ಯಾಸ್ಟಿಯಾ. 2016ರ ಜನವರಿಯಲ್ಲಿ ದೊಡ್ಡ ತಂಡ ಸಿಕ್ಕಿತು. ಆ ವರ್ಷದಿಂದ ಸತತ ಮೂರು ಸಲ ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ಪು, ಚಾಂಪಿಯನ್ಸ್ ಲೀಗ್! ಮೂರನೆಯದು ಗೆದ್ದ ವಾರದೊಳಗೆ ಕೆಲಸ ಬಿಟ್ಟ. 2019ರ ಮಾರ್ಚ್‌ನಲ್ಲಿ ಮರಳಿ ಬಂದ."

"ಬಿಟ್ಟವನು ಬಂದದ್ದೇಕೆ?"

"ಮನೆಯಲ್ಲಿ ಕುಳಿತವನ ಕಷ್ಟ ನಿನಗೇನು ಗೊತ್ತು?" ಎಂದು ಕಾಕಾ ಗದರಿದರು. ನಿವೃತ್ತರಾದ ಮೇಲೂ ಬೆಳಿಗ್ಗೆ ಆರಕ್ಕೆ ಮಿಲ್ಲಿನ ಗೇಟಿನಲ್ಲಿ ಚಹಾ ಕುಡಿದು ಬರುವವರು ಅವರು.

ಆಗ ನನಗೆ ಪ್ಯಾಂಟಿನ ಪ್ರಸಂಗ ನೆನಪಾಯಿತು. 2016ರ ಏಪ್ರಿಲ್. ಜರ್ಮನಿಯ ವೋಲ್ಫ್ಸ್‌ಬರ್ಗ್‌ನಲ್ಲಿ 0–2ರಿಂದ ಸೋತು ಬಂದ ಮ್ಯಾಡ್ರಿಡ್, ತನ್ನ ಅಂಗಳದಲ್ಲಿ 3–0ಯಿಂದ ಗೆದ್ದ ರಾತ್ರಿ. ಮೂರೂ ರೊನಾಲ್ಡೊ ಗೋಲುಗಳು. ಗೆರೆಯಾಚೆ ಸೂಟು ತೊಟ್ಟು ನಿಂತ ಜಿದಾನ್‌ನ ಪ್ಯಾಂಟು ಆ ಗದ್ದಲದಲ್ಲಿ ಹರಿದೇ ಹೋಯಿತು.

ಕಾಕಾ ಮೊಬೈಲ್ ಇಸಿದುಕೊಂಡು, ಕೈ ಉದ್ದ ಚಾಚಿ, ಕಣ್ಣು ಕಿರಿದು ಮಾಡಿ ಚಿತ್ರ ನೋಡಿದರು. ಪರದೆಯ ಮೇಲೆ ಮಿರ್ಚಿಯ ಎಣ್ಣೆ ಹೆಬ್ಬೆರಳಿನಷ್ಟಗಲ ಅಂಟಿತು.

"ಬಾಯಿ ಮುಕಾದಮನದು," ಎಂದರು ಕೊನೆಗೆ. "ಕಾಲು ಇನ್ನೂ ಹಮಾಲನದೇ."

ಅಷ್ಟರಲ್ಲಿ ಬಂಡಿಯ ಹುಡುಗ ಗ್ಯಾಸ್ ಸಿಲಿಂಡರನ್ನು ವಾರೆಯಾಗಿ ಎತ್ತಿದ. ಕಾಕಾ ತಟ್ಟೆ ಕೆಳಗಿಟ್ಟು ಎದ್ದರು.

"ಪ್ಯಾಂಟು ಜೋಪಾನ, ಕಾಕಾ!"

"ನಾನು ಧೋತರದವನು," ಎನ್ನುತ್ತಾ ಕಚ್ಚೆ ಬಿಗಿದರು.