ದಸರಾ ರಜೆಗೆ ಮಕ್ಕಳಿಗೆ ಸಮುದ್ರ ತೋರಿಸಬೇಕು: ಕಾರವಾರವೋ ಮುರುಡೇಶ್ವರವೋ?

ಗುಮ್ಮಟದ ನೆರಳು (ವಿಜಯಪುರ)

ಎಲ್ಲರಿಗೂ ನಮಸ್ಕಾರ ರೀ. ನನ್ನ ಮಗಳಿಗೆ 9 ವರ್ಷ, ಮಗನಿಗೆ 5. ಇಬ್ಬರೂ ಇಲ್ಲಿವರೆಗೆ ನೋಡಿದ ದೊಡ್ಡ ನೀರು ಅಂದರೆ ಆಲಮಟ್ಟಿ ಡ್ಯಾಮ್. ಹೋದ ವಾರ ಸಣ್ಣವನು "ಸಮುದ್ರಕ್ಕೂ ಗೇಟ್ ಇರ್ತದೇನು?" ಅಂತ ಕೇಳಿದ, ಅವತ್ತೇ ನಿರ್ಧಾರ ಮಾಡಿಬಿಟ್ಟೆ. ಜೊತೆಗೆ ಅತ್ತೆ ಬರುತ್ತಾರೆ. ಅವರಿಗೆ ಮೊಣಕಾಲು ನೋವು, ಹೊರಗಿನ ಊಟ ಅಷ್ಟಕ್ಕಷ್ಟೇ. ಸ್ವಂತ ಕಾರು ಇದೆ. ಮೂರು ದಿನ ಸಿಗುತ್ತದೆ, ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಲು ವಾಪಸ್ ಇರಲೇಬೇಕು. ನಮ್ಮ ಮನೆಯವರು ಗೋಕರ್ಣ, ಮುರುಡೇಶ್ವರ, ಕಾರವಾರ, ಜೋಗ ಎಲ್ಲಾ ಒಂದೇ ಸಲ ಮುಗಿಸೋಣ ಅನ್ನುತ್ತಿದ್ದಾರೆ. ಆಗುತ್ತದಾ?

ಬುತ್ತಿಗಂಟು (ಬಾಗಲಕೋಟೆ)

ಆಗುತ್ತದೆ ಅಕ್ಕಾ, ಆದರೆ ಮಕ್ಕಳು ನೋಡುವುದು ಕಾರಿನ ಮುಂದಿನ ಸೀಟಿನ ಬೆನ್ನನ್ನು ಮಾತ್ರ. ಹೋದ ಬೇಸಿಗೆ ರಜೆಯಲ್ಲಿ ನಾವು ಇದೇ ತಪ್ಪು ಮಾಡಿದ್ದೆವು. ಎರಡು ದಿನದಲ್ಲಿ ಐದು ಊರು. ಮನೆಗೆ ಬಂದ ಮೇಲೆ ಏನು ಇಷ್ಟ ಆಯಿತು ಅಂತ ಮಗಳನ್ನು ಕೇಳಿದರೆ, ಕುಮಟಾ ಹತ್ತಿರ ಟೀ ಕುಡಿಯಲು ನಿಲ್ಲಿಸಿದಾಗ ಹತ್ತು ನಿಮಿಷ ಮರಳಿನಲ್ಲಿ ಆಡಿದ್ದು ಅಂದಳು! ಒಂದೇ ಊರು ಹಿಡಿಯಿರಿ.

ದಾರಿ ನಿಮಗೆ ಸುಲಭ. ನಿಮ್ಮೂರಿನ ಮೇಲೆ ಹೋಗುವ 52ನೇ ಹೆದ್ದಾರಿಯೇ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾದಲ್ಲಿ ಮುಗಿಯುತ್ತದೆ. ಅಲ್ಲಿ ಬಲಕ್ಕೆ ಹೊರಳಿದರೆ ಕಾರವಾರ, ಎಡಕ್ಕೆ ಮುರುಡೇಶ್ವರ. ಯಲ್ಲಾಪುರ ಬಿಟ್ಟ ಮೇಲೆ ಅರಬೈಲ್ ಘಾಟ್ ಬರುತ್ತದೆ, ಅದಕ್ಕೆ ಮೊದಲು ಮಕ್ಕಳಿಗೆ ಹೊಟ್ಟೆ ತುಂಬಾ ತಿನ್ನಿಸಬೇಡಿ (ನಮ್ಮ ಕಾರಿನ ಸೀಟು ತೊಳೆದವನು ನಾನೇ, ಅದಕ್ಕೇ ಹೇಳುತ್ತಿದ್ದೇನೆ). ರೂಮಿನ ರೇಟು ಫೋನಿನಲ್ಲೇ ಪಕ್ಕಾ ಮಾಡಿಕೊಂಡು ಮೆಸೇಜ್ ಹಾಕಿಸಿಕೊಳ್ಳಿ. ನಮಗೆ ಒಂದು ಲಾಡ್ಜ್‌ನವರು ರಜೆ ಸೀಸನ್ ಅಂತ ಬಾಗಿಲಲ್ಲೇ ದುಪ್ಪಟ್ಟು ಹೇಳಿದರು, ರಾತ್ರಿ ಹತ್ತಾಗಿತ್ತು, ಕೊಟ್ಟೆವು.

ಕುಂದಾ ಡಬ್ಬಿ (ಬೆಳಗಾವಿ)

ನಮಗಾದರೆ ಚೋರ್ಲಾ ಘಾಟ್ ಇಳಿದರೆ ಗೋವಾ, ಹೆಚ್ಚು ಯೋಚನೆಯೇ ಇಲ್ಲ. ಆದರೆ ಹಿರಿಯರು ಜೊತೆಗಿದ್ದರೆ ನಾನು ಮುರುಡೇಶ್ವರಕ್ಕೇ ವೋಟು ಹಾಕುವವ. ದೇವಸ್ಥಾನ, ಸಮುದ್ರ ಎರಡೂ ಒಂದೇ ಕಡೆ. 20 ಅಂತಸ್ತಿನ ಗೋಪುರಕ್ಕೆ ಲಿಫ್ಟ್ ಇದೆ. ಮೇಲಿನಿಂದ 123 ಅಡಿಯ ಶಿವನ ಮೂರ್ತಿ ಮತ್ತು ಸುತ್ತಲಿನ ನೀರು ಕಾಣುತ್ತದೆ. ರಜೆಯಲ್ಲಿ ಲಿಫ್ಟಿಗೆ ಉದ್ದನೆ ಪಾಳಿ ಇರುತ್ತದೆ, ಅದೊಂದೇ ಗೋಳು.

ಕಾಳಿ ದಂಡೆ (ಕಾರವಾರ)

ನಾನು ಅಥಣಿ ಕಡೆಯವನು, ನೌಕರಿ ಕಾರವಾರದಲ್ಲಿ. ಮುರುಡೇಶ್ವರ ಕೆಟ್ಟದ್ದು ಅಂತಲ್ಲ, ಜನ ಜಾಸ್ತಿ. ಸಣ್ಣ ಮಕ್ಕಳಿಗೆ ಇಲ್ಲಿನ ಟ್ಯಾಗೋರ್ ಕಡಲತೀರ ವಾಸಿ. ಪೇಟೆಗೆ ಅಂಟಿಕೊಂಡೇ ಇದೆ, ಅತ್ತೆಯವರು ದೂರ ನಡೆಯಬೇಕಿಲ್ಲ. ಟ್ಯಾಗೋರ್ 1882ರಲ್ಲಿ ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದಿದ್ದರು, ಅದಕ್ಕೇ ಆ ಹೆಸರು. ಮಕ್ಕಳಿಗೆ ಅದೆಲ್ಲ ಬೇಕಾಗಿಲ್ಲ ಬಿಡಿ, ಅವರಿಗೆ ಬೇಕಾದದ್ದು ದಂಡೆಯ ಮೇಲೆ ನಿಲ್ಲಿಸಿರುವ ಚಾಪಲ್ ಯುದ್ಧನೌಕೆ. 2005ರಲ್ಲಿ ನೌಕಾಪಡೆಯಿಂದ ನಿವೃತ್ತಿಯಾದದ್ದು, ಈಗ ಮ್ಯೂಸಿಯಂ. ನೌಕಾಪಡೆಯ ಹಳೇ ಟುಪೊಲೆವ್ ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ.

ನಮ್ಮ ಕಡೆಯವರಿಗೆ ಗೊತ್ತಿರದ ವಿಷಯ ಒಂದಿದೆ. ಸಮುದ್ರ ಕೆರೆಯ ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಹುಣ್ಣಿಮೆ ಅಮಾವಾಸ್ಯೆ ಹತ್ತಿರ ಬಂದಂತೆ ಉಬ್ಬರ ಇನ್ನೂ ಮೇಲೆ ಬರುತ್ತದೆ, ನೀವು ಬರುವುದು ಸರಿಯಾಗಿ ಆಗಲೇ. ಮೊದಲ ವರ್ಷ ನಾನು ಒಣ ಮರಳು ನೋಡಿ ಚಪ್ಪಲಿ ಬಿಟ್ಟು ಕೂತಿದ್ದೆ, ಎದ್ದಾಗ ಒಂದೇ ಇತ್ತು. ಅಲೆ ಹಿಂದೆ ಹೋಗುವಾಗ ಕಾಲಡಿಯ ಮರಳನ್ನೂ ಎಳೆಯುತ್ತದೆ. ಸಣ್ಣವನ ಕೈ ಬಿಡಬೇಡಿ, ಮೊಣಕಾಲು ದಾಟಿ ಒಳಗೆ ಕಳಿಸಬೇಡಿ. ನೀರಿಗಿಳಿಯುವ ಮೊದಲು ಲೈಫ್‌ಗಾರ್ಡ್‌ಗಳನ್ನು ಕೇಳಿ, ಬೇಡ ಅಂದರೆ ಬೇಡ. ಮಧ್ಯಾಹ್ನ ಮಕ್ಕಳನ್ನು ಮಲಗಿಸಿ, ನಾಲ್ಕೂವರೆಗೆ ಮತ್ತೆ ಇಳಿಯಿರಿ.

ಊಟಕ್ಕೆ ಸಸ್ಯಾಹಾರಿ ಹೋಟೆಲ್ ಸಿಗುತ್ತವೆ, ಜೋಳದ ರೊಟ್ಟಿ ಹುಡುಕಬೇಡಿ. ಕಡಕ್ ರೊಟ್ಟಿ ತಂದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತನ್ನಿ. ಈ ಹವೆಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿ ಬಟ್ಟೆಯ ಹಾಗೆ ಮಡಚಬಹುದು. ಬಟ್ಟೆಯೂ ಬೇಗ ಒಣಗುವುದಿಲ್ಲ, ಎರಡು ಜೊತೆ ಹೆಚ್ಚಿಗೆ ಇರಲಿ.

ಗುಮ್ಮಟದ ನೆರಳು (ವಿಜಯಪುರ)

ಎಲ್ಲರಿಗೂ ಥ್ಯಾಂಕ್ಸ್ ರೀ. ಕಾರವಾರ ಒಂದೇ, ಎರಡು ರಾತ್ರಿ. ಮನೆಯವರು ಇನ್ನೂ ಜೋಗ ಜೋಗ ಅನ್ನುತ್ತಿದ್ದಾರೆ, ನೋಡೋಣ. ರೊಟ್ಟಿ ಮೆತ್ತಗಾಗುತ್ತದಂತೆ ಅಂತ ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಹಂಗಾದ್ರ ನನ್ನ ಹಲ್ಲಿಗೆ ಅಲ್ಲೇ ಛಲೋ" ಅಂದರು.