ಡೀಸೆಲ್ ಕಾರು ನಮ್ಮ ಮನೆಯ ಓಡಾಟಕ್ಕೆ ಒಗ್ಗೀತೇ? ಅನುಭವಸ್ಥರು ದಯವಿಟ್ಟು ತಿಳಿಸಿ

ವಿಜಯನಗರದವನು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಐದು ಜನರಿದ್ದೇವೆ. ಕಚೇರಿ 9 ಕಿಲೋಮೀಟರ್ ದೂರದಲ್ಲಿದ್ದು, ವಾರದಲ್ಲಿ ಮೂರು ದಿನ ಕಾರಿನಲ್ಲಿಯೂ ಉಳಿದ ದಿನ ಮೆಟ್ರೋದಲ್ಲಿಯೂ ಹೋಗುತ್ತೇನೆ. ತಿಂಗಳಿಗೊಮ್ಮೆ ತೀರ್ಥಹಳ್ಳಿಯ ಕಡೆಗಿರುವ ನಮ್ಮೂರಿಗೆ ಹೋಗಿಬರುತ್ತೇವೆ. ಎಲ್ಲ ಸೇರಿ ತಿಂಗಳಿಗೆ ಸುಮಾರು 1,000 ಕಿಲೋಮೀಟರ್ ಆಗುತ್ತದೆ. ತಂದೆಯವರಿಗೆ ಮಂಡಿನೋವು. ಒಂದೇ ಮಾದರಿಯ ಪೆಟ್ರೋಲ್ ಗಾಡಿ ಕೊಳ್ಳಬೇಕೋ ಡೀಸೆಲ್ ಗಾಡಿಯೋ ಎಂಬುದು ಎರಡು ತಿಂಗಳಾದರೂ ಇತ್ಯರ್ಥವಾಗಿಲ್ಲ.

ರಾಜಾಜಿನಗರದ ನಿವೃತ್ತ ಬ್ಯಾಂಕ್ ನೌಕರ:
ಬಂಕಿನಲ್ಲಿ ಹಾಕಿಸಿದ ಪ್ರತಿಯೊಂದು ಲೀಟರಿನ ಲೆಕ್ಕವನ್ನೂ ನೋಟುಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ನನ್ನದು. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಬಾಯಿಮಾತಲ್ಲ. ನನ್ನದು ಪೆಟ್ರೋಲ್, ಮಗನದು ಅದೇ ಮಾದರಿಯ ಡೀಸೆಲ್. ನಗರದಲ್ಲಿ ನನಗೆ ಲೀಟರಿಗೆ 11.8 ಕಿಲೋಮೀಟರ್, ಅವನಿಗೆ 15.6 ಸಿಕ್ಕಿದೆ. ಪೆಟ್ರೋಲಿಗೆ 103, ಡೀಸೆಲಿಗೆ 91 ರೂಪಾಯಿ ಹಿಡಿದರೆ ಕಿಲೋಮೀಟರಿಗೆ ನನ್ನ ಖರ್ಚು 8 ರೂಪಾಯಿ 73 ಪೈಸೆ, ಅವನದು 5 ರೂಪಾಯಿ 83 ಪೈಸೆ. ಉಳಿತಾಯ 2 ರೂಪಾಯಿ 90 ಪೈಸೆ ಎಂದು ಮಗ ಬೀಗುತ್ತಿದ್ದ. ಆದರೆ ಜೀವಿತಾವಧಿ ತೆರಿಗೆಯೂ ಸೇರಿ ಡೀಸೆಲ್ ಗಾಡಿಗೆ ನಾವು ಹೆಚ್ಚಾಗಿ ತೆತ್ತದ್ದು 1,92,000 ರೂಪಾಯಿ. ಹತ್ತು ಲಕ್ಷ ದಾಟಿದ ಗಾಡಿಗೆ ನಮ್ಮ ರಾಜ್ಯದಲ್ಲಿ ಶೇಕಡಾ 17ರ ತೆರಿಗೆಯಿದೆ, ಅದರ ಮೇಲೆ ಸೆಸ್ ಬೇರೆ. ಬೆಲೆಯ ವ್ಯತ್ಯಾಸದ ಮೇಲೂ ಇದನ್ನು ಕಟ್ಟಬೇಕೆಂಬುದನ್ನು ಶೋರೂಮಿನವರು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಓಡಿಸುವುದು ತಿಂಗಳಿಗೆ 640 ಕಿಲೋಮೀಟರ್. ಆ ಓಟಕ್ಕೆ ಈ ಹಣ ಹಿಂತಿರುಗಲು ಎಂಟೂವರೆ ವರ್ಷ ಬೇಕು. ಅದೇ ಹಣವನ್ನು ಶೇಕಡಾ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 13,440 ರೂಪಾಯಿ ಬಡ್ಡಿ ಬರುತ್ತದೆ. ಇಂಧನದ ಉಳಿತಾಯದಲ್ಲಿ ಅದನ್ನು ಕಳೆದರೆ ಉಳಿಯುವುದು ವರ್ಷಕ್ಕೆ 8,832 ರೂಪಾಯಿ ಮಾತ್ರ. ಎಂದರೆ ಇಪ್ಪತ್ತೊಂದು ವರ್ಷ ದಾಟಬೇಕು. ಗಾಡಿಯ ನೋಂದಣಿಯೇ 15 ವರ್ಷಕ್ಕೆ ಮುಗಿಯುತ್ತದೆ.

ಸಕಲೇಶಪುರದ ಬೆಳೆಗಾರ:
ಕಾರನ್ನು ಠೇವಣಿಯ ರಸೀದಿಯಂತೆ ನೋಡುವವರು ಬಸ್ಸಿನಲ್ಲಿ ಹೋಗುವುದು ಲೇಸು. ನನ್ನ ಮೊದಲ ಡೀಸೆಲ್ ಗಾಡಿಯನ್ನು 2012ರಲ್ಲಿ ಕೊಂಡೆ. ಈವರೆಗೆ 2,31,000 ಕಿಲೋಮೀಟರ್ ಓಡಿದೆ. ಕ್ಲಚ್ ಎರಡು ಬಾರಿ, ಟರ್ಬೋ ಒಂದು ಬಾರಿ ಬದಲಾಯಿಸಿದ್ದೇನೆ; ಟರ್ಬೋಗೆ 38,000 ತೆತ್ತ ದಿನ ಮನೆಯಲ್ಲಿ ಯಾರೂ ನನ್ನೊಡನೆ ಮಾತನಾಡಲಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಆದರೆ ಐದು ಜನರನ್ನು ಕೂರಿಸಿಕೊಂಡು, ಡಿಕ್ಕಿಯಲ್ಲಿ ಎರಡು ಮೂಟೆ ಕಾಳುಮೆಣಸು ಹೇರಿಕೊಂಡು, ಎ.ಸಿ. ಆರಿಸದೆ, ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ಮೂರನೇ ಗೇರಿನಲ್ಲೇ ಏರುವ ಸುಖವನ್ನು ಯಾವ ನೋಟುಪುಸ್ತಕದಲ್ಲಿ ಬರೆದಿಡುತ್ತೀರಿ? ನನ್ನ ಭಾವಮೈದುನನ ಪೆಟ್ರೋಲ್ ಕಾರು ಅದೇ ಏರಿನಲ್ಲಿ ಅರಚಿಕೊಳ್ಳುವುದನ್ನು ಕೇಳಿದರೆ ಕರುಣೆ ಬರುತ್ತದೆ.

ಬಸವೇಶ್ವರನಗರದ ಶಿಕ್ಷಕಿ:
2012ರ ಗಾಡಿಯ ಕಥೆಯನ್ನು ಈಗ ಕೊಳ್ಳುವವರಿಗೆ ಹೇಳಬೇಡಿ, ಬೆಳೆಗಾರರೇ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ ಸೋಸುಕ ಕುಳಿತಿದೆ. ಅದರಲ್ಲಿ ಸೇರಿದ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿಯ ಶಾಖ ಬೇಕು. ಅದಕ್ಕೆ ಗಾಡಿ ಹೆದ್ದಾರಿಯ ವೇಗದಲ್ಲಿ ಕಾಲು ಗಂಟೆಯಾದರೂ ನಿಲ್ಲದೆ ಓಡಬೇಕು. ನಾವು ಕೊಂಡದ್ದು 2021ರಲ್ಲಿ. ಅದೇ ವರ್ಷ ಅತ್ತೆಯವರಿಗೆ ಡಯಾಲಿಸಿಸ್ ಆರಂಭವಾಯಿತು. ವಾರಕ್ಕೆ ಮೂರು ಬಾರಿ, ಹೋಗಲು ನಾಲ್ಕು ಕಿಲೋಮೀಟರ್, ಬರಲು ನಾಲ್ಕು ಕಿಲೋಮೀಟರ್; ಎಂಜಿನ್ ಬಿಸಿಯಾಗುವ ಮೊದಲೇ ಆಸ್ಪತ್ರೆಯ ಬಾಗಿಲು. ಏಳನೇ ತಿಂಗಳಲ್ಲಿ ಹಳದಿ ದೀಪ ಹೊತ್ತಿಕೊಂಡಿತು. ಸರ್ವೀಸ್ ಕೇಂದ್ರದವರು ಯಂತ್ರ ಹಚ್ಚಿ ಮಸಿ ಸುಡಿಸಿದ್ದಕ್ಕೆ ಮೊದಲ ಸಲ 3,400, ಎರಡನೇ ಸಲ 4,100 ತೆಗೆದುಕೊಂಡರು. ಮೂರನೇ ಸಲ ಆಯಿಲ್ ಕಡ್ಡಿಯನ್ನು ಎಳೆದು ತೋರಿಸಿದರು: ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು! ಮಸಿ ಸುಡಲೆಂದು ಎಂಜಿನ್ ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್, ಅರ್ಧಕ್ಕೇ ಕೀಲಿ ತಿರುಗಿಸಿ ನಿಲ್ಲಿಸಿದಾಗಲೆಲ್ಲ ಆಯಿಲಿಗೆ ಇಳಿದಿತ್ತಂತೆ. ಆಯಿಲ್ ಬದಲಾಯಿಸಲು 7,200. ಸೋಸುಕವನ್ನೇ ಬದಲಾಯಿಸಬೇಕಾದರೆ ಲಕ್ಷ ಮೀರುತ್ತದೆ ಎಂದಾಗ ನನ್ನ ಕಾಲು ನೆಲಕ್ಕೇ ಅಂಟಿಕೊಂಡಿತು. ಕೊನೆಗೆ ಪ್ರತಿ ಭಾನುವಾರ ಬೆಳಗಿನ ಐದೂವರೆಗೆ ಎದ್ದು, ಟೋಲ್ ಕಟ್ಟಿ, ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆಯವರೆಗೆ ಕಾರನ್ನು ಓಡಿಸಿಕೊಂಡು ಬರುವುದೇ ನಮ್ಮ ಮನೆಯವರ ವ್ರತವಾಯಿತು. ಅಕ್ಕಪಕ್ಕದವರು ಶಿವಗಂಗೆಗೆ ಹರಕೆ ಹೊತ್ತಿದ್ದೇವೆಂದು ತಿಳಿದಿದ್ದರು. ಕಳೆದ ವರ್ಷ ನಷ್ಟಕ್ಕೆ ಮಾರಿದೆವು.

ಹುಬ್ಬಳ್ಳಿಯ ಔಷಧ ಪ್ರತಿನಿಧಿ:
ಶಿಕ್ಷಕಿಯವರ ಕಷ್ಟ ಅರ್ಥವಾಗುತ್ತದೆ, ಆದರೆ ತಪ್ಪು ಗಾಡಿಯದಲ್ಲ. ನಾನು ಗದಗ, ಕೊಪ್ಪಳ, ಬಾಗಲಕೋಟೆ ಸುತ್ತುವವನು. ತಿಂಗಳಿಗೆ 2,700 ಕಿಲೋಮೀಟರ್. ಮೂರು ವರ್ಷದಲ್ಲಿ ಆ ಹಳದಿ ದೀಪವನ್ನು ನಾನು ಕಂಡೇ ಇಲ್ಲ. ಲೀಟರಿಗೆ 20 ಕೊಡುತ್ತದೆ. ಹೆಚ್ಚಾಗಿ ಕೊಟ್ಟ ಹಣ ಎರಡು ವರ್ಷದೊಳಗೇ ಹಿಂದಕ್ಕೆ ಬಂದಿದೆ. ಇನ್ನು ಪೆಟ್ರೋಲಿಗೆ ಎಥನಾಲ್ ಬೆರೆಸಲು ತೊಡಗಿದ ಮೇಲೆ ನನ್ನ ತಮ್ಮನ 2016ರ ಕಾರಿನ ಮೈಲೇಜು 15ರಿಂದ 12ಕ್ಕೆ ಇಳಿದಿದೆ. ಬ್ಯಾಂಕಿನವರು ಇದನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ?

ರಾಜಾಜಿನಗರದ ನಿವೃತ್ತ ಬ್ಯಾಂಕ್ ನೌಕರ:
ಹಿಡಿದಿದ್ದೇನೆ. 11.8 ಎಂಬುದು ಶೇಕಡಾ 20 ಎಥನಾಲ್ ಬೆರೆಸಿದ ಇ-20 ಪೆಟ್ರೋಲಿನಲ್ಲೇ ಅಳೆದದ್ದು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಐದರಲ್ಲಿ ಒಂದು ಪಾಲು ಬೆರೆಸಿದರೆ ಶೇಕಡಾ ಆರೇಳು ಇಳಿಯಬೇಕೇ ಹೊರತು ತಾವು ಹೇಳುವ ಇಪ್ಪತ್ತಲ್ಲ. ತಮ್ಮನವರು ಟೈರಿಗೆ ಗಾಳಿ ಹಿಡಿಸಲಿ.

ಸಕಲೇಶಪುರದ ಬೆಳೆಗಾರ:
ಶಿಕ್ಷಕಿಯವರಿಗೆ ಒಂದು ಮಾತು. 2022ರಲ್ಲಿ ಕೊಂಡ ನನ್ನ ಎರಡನೇ ಗಾಡಿಯಲ್ಲಿಯೂ ಆ ದೀಪ ಬಂದಿತ್ತು. ತೋಟದೊಳಗಿನ ಓಡಾಟವೇ ಹೆಚ್ಚು ನೋಡಿ. ಪರಿಚಯದ ಮೆಕ್ಯಾನಿಕ್ ಒಬ್ಬರು ಸೋಸುಕದ ಒಳಗಿನದನ್ನು ತೆಗೆದು, ಸಾಫ್ಟ್‌ವೇರ್ ತಿದ್ದಿ, 26,000ಕ್ಕೆ ಶಾಶ್ವತ ಪರಿಹಾರ ಮಾಡಿಕೊಟ್ಟರು. ನೀವು ಮಾರಬೇಕಾಗಿರಲಿಲ್ಲ.

ಬಸವೇಶ್ವರನಗರದ ಶಿಕ್ಷಕಿ:
ಡಯಾಲಿಸಿಸ್ ವಾರ್ಡಿನ ಕಿಟಕಿಯ ಕೆಳಗೆ ಆ ಮಸಿಯನ್ನು ಬಿಟ್ಟುಬರಬೇಕಿತ್ತೇ? ಮಾರಿದ್ದಕ್ಕೆ ಈ ಕ್ಷಣದವರೆಗೆ ಹೊಟ್ಟೆ ಉರಿಯುತ್ತಿತ್ತು, ಈಗ ಸಮಾಧಾನವಾಯಿತು.

ರಾಜಾಜಿನಗರದ ನಿವೃತ್ತ ಬ್ಯಾಂಕ್ ನೌಕರ:
ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ತಯಾರಕರು ಕೊಟ್ಟ ರೂಪವನ್ನು ಹೀಗೆ ಬದಲಿಸುವಂತಿಲ್ಲ. ಕಾನೂನು ಮುರಿದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು ನನ್ನ ಬಡ್ಡಿಯನ್ನು ಅಣಕಿಸುತ್ತಾರೆ!

ಸಕಲೇಶಪುರದ ಬೆಳೆಗಾರ:
ನನ್ನ ತೋಟದಲ್ಲಿ ನೆರಳಿಗೆಂದೇ ಬೆಳೆಸಿದ ಸಾವಿರಾರು ಮರಗಳಿವೆ. ನನ್ನ ಗಾಡಿಯ ಹೊಗೆಯನ್ನು ಅವು ನೋಡಿಕೊಳ್ಳುತ್ತವೆ. ರಾಜಾಜಿನಗರದಲ್ಲಿ ತಾವು ಎಷ್ಟು ಮರ ನೆಟ್ಟಿದ್ದೀರಿ?

ಹುಬ್ಬಳ್ಳಿಯ ಔಷಧ ಪ್ರತಿನಿಧಿ:
ಮರಗಳು ಮಸಿಯನ್ನು ತಿನ್ನುತ್ತವೆಂದು ಯಾರು ಹೇಳಿದರು? ನಿಮ್ಮಂಥವರಿಂದಲೇ ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್ ಗಾಡಿಗಳನ್ನು ರಸ್ತೆಗಿಳಿಸಬಾರದೆಂದು ತಡೆದದ್ದು. ಆ ನಿಯಮ ನಮ್ಮಲ್ಲಿಗೂ ಬಂದರೆ, ನಿಯಮದಂತೆ ಓಡಿಸುವ ನನ್ನ ಗಾಡಿಯ ಬೆಲೆ ಬಿದ್ದುಹೋಗುತ್ತದೆ. ಆ ನಷ್ಟವನ್ನು ನಿಮ್ಮ ಕಾಳುಮೆಣಸು ತುಂಬಿಕೊಡುತ್ತದೆಯೇ?

ವಿಜಯನಗರದವನು:
ಎಲ್ಲರಿಗೂ ಧನ್ಯವಾದಗಳು. ಭಾನುವಾರ ಎರಡೂ ಗಾಡಿಗಳನ್ನು ಓಡಿಸಿ ನೋಡಿದೆವು. ತಿಂಗಳಿಗೊಮ್ಮೆ ಊರಿಗೆ ಹೋಗಿಬರುವ ಓಟ ಸೋಸುಕಕ್ಕೆ ಸಾಕೇ, ನಡುವಿನ ನಾಲ್ಕು ವಾರಗಳ ಮಸಿ ಅಷ್ಟರೊಳಗೆ ಕಟ್ಟಿಕೊಳ್ಳುವುದೇ ಎಂಬ ನನ್ನ ಪ್ರಶ್ನೆ ಹಾಗೇ ಉಳಿದಿದೆ. ತಂದೆಯವರಿಗಂತೂ ಎರಡರಲ್ಲಿಯೂ ಹಿಂದಿನ ಸೀಟು ಎತ್ತರವಾಯಿತು.

ರಾಜಾಜಿನಗರದ ನಿವೃತ್ತ ಬ್ಯಾಂಕ್ ನೌಕರ:
ಬೆಳೆಗಾರರೇ, ನಮ್ಮ ಮನೆಯ ಮುಂದೆ ಒಂದು ಹೊಂಗೆ ಇದೆ. 1994ರಲ್ಲಿ ನೆಟ್ಟದ್ದು. ನೋಟುಪುಸ್ತಕದಲ್ಲಿ ತಾರೀಖಿದೆ.